ಕಡ ತಂದ ಕಸ

ನಮ್ಮ ಮನೆಯ ಒಲೆ ಒರೆಸುವ ಬಟ್ಟೆಯ ಪೂರ್ವಾಶ್ರಮದ ಕತೆ ಹೇಳುತ್ತೇನೆ, ಕೇಳಿ. ಮೊದಲು ಅದು ನನ್ನ ಗಂಡನ ಬನಿಯನ್ ಆಗಿತ್ತು. ಕಂಕುಳಲ್ಲಿ ಹರಿದ ಮೇಲೆ ದಿಂಬಿನ ಒಳಚೀಲವಾಯಿತು. ಈಗ ಒಲೆಯ ಸೇವೆಯಲ್ಲಿದೆ. ಮುಂದೆ ಸ್ಕೂಟರಿಗೆ ಬಡ್ತಿ, ಆಮೇಲೆ ಕರೆಂಟು ಹೋದಾಗಿನ ಚಿಮಣಿಗೆ ಬತ್ತಿ. ಬನಿಯನ್ ಹುಟ್ಟುವ ಊರು ತಿರುಪ್ಪೂರಾದರೆ, ಅದಕ್ಕೆ ಸಾವೇ ಇಲ್ಲದ ಜಾಗ ತುಡಿಯಲೂರಿನ ನಮ್ಮ ಮನೆ. ಈ ಅಮರತ್ವವನ್ನು ದಯಪಾಲಿಸುವವರು ನನ್ನ ಅತ್ತೆ ಚೌಡಮ್ಮ.

ನಾನು ದಾವಣಗೆರೆಯಿಂದ ಬಂದ ಸೊಸೆ. ಅತ್ತೆಯವರದು ತಲೆಮಾರುಗಳಿಂದ ಈ ತಮಿಳು ನೆಲದಲ್ಲೇ ನೇಯ್ದುಕೊಂಡಿದ್ದ ಕನ್ನಡದ ಮನೆತನ. ಕನ್ನಡ ಅವರ ನಾಲಗೆಯಲ್ಲಿದೆ, ಅಕ್ಷರ ಮಾತ್ರ ಗೊತ್ತಿಲ್ಲ. ಸೀರೆ ಮುಗಿದರೂ ಮಗ್ಗದಲ್ಲಿ ಉಳಿದ ಹಾಸಿನ ಉದ್ದನೆಯ ಎಳೆಗಳನ್ನು ಅವರಲ್ಲಿ ಯಾರೂ ಕತ್ತರಿಸಿ ಎಸೆಯುವುದಿಲ್ಲ. ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯದರ ತುದಿಗೆ ಹೊಸೆದು ಕೂಡಿಸುತ್ತಾರೆ. ಮಗ್ಗ ಮಾರಿ ವರ್ಷಗಳಾದರೂ ಅತ್ತೆಯ ಬೆರಳು ಆ ಅಭ್ಯಾಸ ಬಿಟ್ಟಿಲ್ಲ. ತುಂಡಾದದ್ದು ಏನೇ ಕಂಡರೂ ಅದನ್ನು ಯಾವುದಕ್ಕೆ ಸೇರಿಸಲಿ ಎಂದು ಹುಡುಕುತ್ತಿರುತ್ತದೆ.

ಇಂಥ ಮನೆಯಿಂದ ನಾನು ಸಸ್ಯಶಾಸ್ತ್ರ ಪಾಠ ಮಾಡಲು ವಿಶ್ವವಿದ್ಯಾಲಯಕ್ಕೆ ಹೋಗುತ್ತೇನೆ. ಅಲ್ಲಿ ಈಗ ಕಸದ್ದೇ ಕಾರುಬಾರು. ಹಾಸ್ಟೆಲಿನ ಉಳಿದ ಸಾಂಬಾರು ಗ್ಯಾಸಾಗುತ್ತದೆ, ತರಗೆಲೆ ಗೊಬ್ಬರವಾಗುತ್ತದೆ, ತಿರುಪ್ಪೂರಿನ ಕತ್ತರಿ ಚಿಂದಿ ಕೈಚೀಲವಾಗುತ್ತದೆ, ಪ್ಲಾಸ್ಟಿಕ್ ಬಾಟಲಿಗೆ ಗೇಟಿನಲ್ಲೇ ತಡೆ. ಸಭೆಯೊಂದರಲ್ಲಿ ಉದ್ದುದ್ದ ಮಾತಾಡಿದ ತಪ್ಪಿಗೆ ನಾನು ಇದರ ಸಂಯೋಜಕಿಯಾದೆ. ಆದಮೇಲೆ, ಸುಳ್ಳೇಕೆ, ಆ ಹುದ್ದೆಯ ‘ಪ್ಲಾಸ್ಟಿಕ್ ಬೇಡ’ ಬ್ಯಾಡ್ಜನ್ನು ಸೆರಗಿಗೆ ಚುಚ್ಚಿಕೊಂಡು ಓಡಾಡುವುದು ಹಿತವಾಗಿಯೇ ಇತ್ತು. ಅಷ್ಟರಲ್ಲಿ ‘ಮಾದರಿ ಮನೆ’ ಯೋಜನೆ ಬಂತು. ಅಧ್ಯಾಪಕರ ಮನೆಗೊಂದು ಡ್ರಮ್ಮು. ಮೊದಲ ವಾರದ ಒಣಕಸ ತೂಗಿ, ತಿಂಗಳ ನಂತರ ಮತ್ತೆ ತೂಗಿ, ಎಷ್ಟು ಇಳಿಯಿತೋ ಅಷ್ಟು ಅಂಕ, ಗೆದ್ದ ಮನೆಗೆ ಪ್ರಶಸ್ತಿಪತ್ರ. ಸಂಯೋಜಕಿಯ ಮನೆಯೇ ಮಾದರಿಯಾಗದಿದ್ದರೆ ಹುದ್ದೆ ರಸಾಯನಶಾಸ್ತ್ರದ ಸೆಂದಿಲ್‌ಗೆ ಎಂದು ಸಮಿತಿಯ ಅಧ್ಯಕ್ಷೆ ನೇರವಾಗಿಯೇ ಹೇಳಿದರು. ಸೆಂದಿಲ್ ಆಗಲೇ ಹಲ್ಲು ಕಿರಿಯುತ್ತಿದ್ದ.

ವಾರ ಮುಗಿಯಿತು. ನಮ್ಮ ಡ್ರಮ್ಮು ತಳದಲ್ಲಿ ನನ್ನ ಮುಖವೇ ಕಾಣುವಷ್ಟು ಖಾಲಿ.

“ಅತ್ತೆ, ಕಸವೇ ಇಲ್ಲವಲ್ಲ!”

“ನಮ್ಮನೇಲಿ ಕುಪ್ಪೆ ಎಲ್ಲಿಂದ ಬರ್ತದೆ, ಕಣ್ಣು?” ಎಂದರು. ಈ ಕಡೆ ಮುದ್ದಿನವರನ್ನೆಲ್ಲ ‘ಕಣ್ಣು’ ಎನ್ನುತ್ತಾರೆ, ಕಸಕ್ಕೆ ‘ಕುಪ್ಪೆ’.

ಅಯ್ಯೋ, ನನ್ನ ಗ್ರಹಚಾರವೇ! ಕಸ ಇಳಿಸಬೇಕೆಂದರೆ ಮೊದಲು ಕಸ ಇರಬೇಕಲ್ಲ? ತೂಕದ ದಿನ ಬೆಳಿಗ್ಗೆ, ಅತ್ತೆ ದೇವಸ್ಥಾನಕ್ಕೆ ಹೋದ ಸಮಯ ನೋಡಿ, ಎದುರುಮನೆ ಸರೋಜಾಳ ಹತ್ತಿರ ಒಂದು ಬಕೀಟು ಕಸ ಕಡ ತಂದೆ. ಸಾಲದೆಂದು, ನಿಮ್ಮೆದುರು ಹೇಳಲು ನಾಚಿಕೆ, ಅಂಗಡಿಗೆ ಓಡಿ ಒಂದು ರಾಶಿ ಚಿಪ್ಸ್ ಪೊಟ್ಟಣ ತಂದು, ಚಿಪ್ಸನ್ನು ಡಬ್ಬಿಗೆ ಸುರಿದು, ಪೊಟ್ಟಣಗಳನ್ನು ಡ್ರಮ್ಮಿಗೆ ತುಂಬಿದೆ. ಪ್ಲಾಸ್ಟಿಕ್ ವಿರೋಧಿ ಬ್ಯಾಡ್ಜು ಆಗಲೂ ಸೆರಗಿನಲ್ಲೇ ಇತ್ತು. ಆಮೇಲೆ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು ಸಮಿತಿಯನ್ನು ಕರೆತರಲು ಹೊರಟೆ.

ಬಂದು ನೋಡಿದರೆ ಡ್ರಮ್ಮು ತೊಳೆಸಿಕೊಂಡು ಬಿಸಿಲಿಗೆ ಬೋರಲು ಮಲಗಿದೆ. ಹಗ್ಗದ ತುಂಬ ಚಿಪ್ಸು, ಬಿಸ್ಕತ್ತು, ಹಾಲಿನ ಪೊಟ್ಟಣಗಳು ನೀರು ತೊಟ್ಟಿಕ್ಕುತ್ತಿವೆ. ಒಗೆಯುವ ಕಲ್ಲಿನ ಪಕ್ಕ ಕೂತಿದ್ದ ಅತ್ತೆಯ ಕಣ್ಣು ಕೆಂಪಾಗಿತ್ತು.

“ನೋಡು ಕಣ್ಣು, ನಾನ್ ಕೋವಿಲ್‌ಗೆ ಹೋಗಿ ಬರೋದ್ರೊಳಗೆ ಯಾರೋ ನಮ್ಮನೇಗೆ ಕುಪ್ಪೆ ಹಾಕ್ಬುಟ್ಟವ್ರೆ. ಯಾರೋ ಏನು, ಸರೋಜಾನೇ. ಅವ್ಳ ಮಾತ್ರೆ ಶೀಟು, ಅವ್ಳ ಮಸಾಲೆಪುಡಿ ಕವರು, ನಂಗೆ ಗೊತ್ತಿಲ್ವಾ? ಇಷ್ಟ್ ವರ್ಷ ಒಂದೇ ತಟ್ಟೇಲಿ ಉಂಡ್ವಿ. ಇನ್ ಮೇಲೆ ಅವ್ಳ ಬಾಗ್ಲು ನಾನ್ ಮೆಟ್ಟಲ್ಲ.”

ಅಧ್ಯಕ್ಷೆಗೆ ಕನ್ನಡ ತಿಳಿಯದು. ಅವರು ಹಗ್ಗವನ್ನೇ ಬೆರಗಿನಿಂದ ನೋಡುತ್ತಾ, “ಇದೆಲ್ಲ ನಿಮ್ಮ ಮನೆಯ ಕಸವೇ? ಆಗಲೇ ತೊಳೆದು ವಿಂಗಡಿಸಿದ್ದೀರಾ?” ಎಂದು ತಮಿಳಿನಲ್ಲಿ ಕೇಳಿ ಪೆನ್ನು ತೆರೆದರು. ಅವರ ಜೊತೆ ಬಂದಿದ್ದ ಸೆಂದಿಲ್‌ನ ಮುಖ ಬಾಡಿತು. ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು, ಪ್ರಶಸ್ತಿಪತ್ರ ನನ್ನದು. ಆಡಿಸಲು ಹೊರಟೂ ಇದ್ದೆ. ಆದರೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಚಿಂದಿಯನ್ನೂ ಬಿಡದ ಹೆಂಗಸು ನನ್ನ ಬ್ಯಾಡ್ಜಿನ ದೆಸೆಯಿಂದ ಇದ್ದೊಬ್ಬ ಗೆಳತಿಯನ್ನು ಬಿಡಲು ಹೊರಟಿದ್ದರು.

“ಸರೋಜಾ ಅಲ್ಲ ಅತ್ತೆ. ನಾನೇ ಕೇಳಿ ತಂದು ಹಾಕಿದ್ದು. ಚಿಪ್ಸಿನದೂ ನನ್ನದೇ ಕೆಲಸ.”

ಅದನ್ನೇ ತಮಿಳಿನಲ್ಲೂ ಹೇಳಿದೆ. ಎರಡು ಭಾಷೆಯಲ್ಲಿ ಒಂದೇ ಸಲ ಮಾನ ಕಳೆದುಕೊಳ್ಳುವುದು ನನಗೆ ಅದೇ ಮೊದಲು. ಅಧ್ಯಕ್ಷೆ ಸೊನ್ನೆ ಬರೆದರು. ನಾನು ಬ್ಯಾಡ್ಜು ಬಿಚ್ಚಿ ಸೆಂದಿಲ್‌ನ ಕೈಗಿಟ್ಟೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತೆ. ಅವರ ಮುಖದಲ್ಲಿ ಮಾತ್ರ ಮೆಲ್ಲನೆ ಗೆಲುವು ಮೂಡಿತು.

“ನೀನಾ? ಹಂಗಂತ ಮೊದ್ಲೇ ಹೇಳ್ಬಾರ್ದಾ! ಹೊರಗ್ನೋರು ಹಾಕಿದ್ರೆ ತಾನೆ ಅವಮಾನ. ಮನೇವ್ಳು ಹಾಕಿದ್ರೆ ಬರೀ ಕೆಲಸ. ಬಾ, ಎಣ್ಣೆ ಕವರು ಇನ್ನೂ ತೊಳ್ದಿಲ್ಲ.”

ರೇಷ್ಮೆ ಸೀರೆ ಎತ್ತಿಕಟ್ಟಿ, ಇಡೀ ಸಮಿತಿಯ ಎದುರು ಒಗೆಯುವ ಕಲ್ಲಿನ ಪಕ್ಕ ಕೂತೆ. ನಾನು ತೊಳೆದ ಮೊದಲನೆಯ ಕವರನ್ನು ಅತ್ತೆ ಬೆರಳಲ್ಲಿ ಉಜ್ಜಿ ನೋಡಿ, ಜಿಡ್ಡು ಹೋಗಿಲ್ಲವೆಂದು ಮೂರು ಸಲ ವಾಪಸು ಕೊಟ್ಟರು.