ಸುಜಾತಾ ಎಂದು ಹೆಸರಿಟ್ಟವರು

ಹೆರಿಗೆಯ ಕೋಣೆಗೆ ಹೋಗುವ ಮೊದಲು ಅವರು ಎರಡೂ ಕೈಯ ಬಳೆಗಳನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಗಾಜಿನ ಬಳೆ, ಕೈಗೆ ಮೂರು ಮೂರು. ಉಗುರನ್ನು ಮಾಂಸದವರೆಗೆ ಕತ್ತರಿಸಿಕೊಂಡಿದ್ದ, ಸದಾ ಸೋಪಿನ ನೀರಿನಲ್ಲಿ ನೆನೆದು ಬೆರಳ ತುದಿ ಸುಕ್ಕುಗಟ್ಟಿದ್ದ ಕೈಗಳು ಅವು. ಅವನ್ನು ಮೊಣಕೈತನಕ ತಿಕ್ಕಿ ತೊಳೆದು ಒಳಗೆ ಹೋದರೆ, ಬಳೆ ಮತ್ತೆ ಕೈಗೇರುವುದು ಕೆಲಸ ಮುಗಿದ ಮೇಲೆ. ಹೊರಗೆ ಜಗಲಿಯಲ್ಲಿ ಕೂತ ಗಂಡಸರು ಮಗುವಿನ ಅಳುವಿಗೆ ಕಾಯುವಷ್ಟೇ ಆ ಬಳೆಯ ಸದ್ದಿಗೂ ಕಾಯುತ್ತಿದ್ದರಂತೆ. ಮಗು ಅತ್ತಿತು ಎಂದರೆ ಮಗು ಉಳಿಯಿತು. ಬಳೆ ಸದ್ದಾಯಿತು ಎಂದರೆ ತಾಯಿಯೂ ಉಳಿದಳು.

ಅವರು ಸಿದ್ದಾಪುರದ ದವಾಖಾನೆಯ ನರ್ಸಬಾಯಿ. ನಾವು ಕರೆಯುತ್ತಿದ್ದುದು ಬಾಯೋರು ಎಂದು. ನಮ್ಮ ಜಿಲ್ಲೆ ಮುಂಬಯಿ ಸರಕಾರದಿಂದ ಕಳಚಿ ಮೈಸೂರಿಗೆ ಸೇರಿದ ವರ್ಷವೇ ಅವರು ಘಟ್ಟ ಹತ್ತಿ ಬಂದರು. ಕರಾವಳಿಯ ಕೊಂಕಣಿ ಮನೆಯವರು. ಮದುವೆಯಾಗಿರಲಿಲ್ಲ, ಯಾಕೆಂದು ಯಾರೂ ಕೇಳಿದಂತಿಲ್ಲ. ದವಾಖಾನೆಯ ಹಿಂದಿನ ಒಂದೇ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಪಂಚಾಂಗ ಹಿಡಿದು ಗಳಿಗೆ ನೋಡುತ್ತ ನಿಂತವರಿಗೆಲ್ಲ ಅವರದು ಒಂದೇ ಮಾತು: "ಹುಟ್ಟಿಗೆ ಮುಹೂರ್ತ ಬೇಡ, ಬಿಸಿನೀರು ಬೇಕು." ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಅದನ್ನು ಅವರು ಹೆರಿಗೆಗೆ ಮೊದಲು ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ ಹೊಸ್ತಿಲ ಮೇಲೇ ಕೂತು ಎರಡು ತಂಬಿಗೆ ನೀರು ಕುಡಿಯುತ್ತಿದ್ದರು.

ಅವರಿಗೆ ಮಕ್ಕಳ ಮುಖ ನೆನಪಿರುತ್ತಿರಲಿಲ್ಲ, ಹುಟ್ಟಿದ ರೀತಿ ನೆನಪಿರುತ್ತಿತ್ತು. ಒಬ್ಬ ಕೊರಳಿಗೆ ಬಳ್ಳಿ ಸುತ್ತಿಕೊಂಡು ಬಂದವನು, ಇನ್ನೊಬ್ಬಳು ಎರಡು ದಿನ ಕಾಯಿಸಿದವಳು. ಸಂತೆಯ ದಿನ ಎದುರಾದರೆ ನನ್ನನ್ನು ಅವರು ಎಲ್ಲರೆದುರು ಕರೆಯುತ್ತಿದ್ದುದು, "ಏನ ಗೋ, ಕಾಲು ಮುಂದಿನವಳೇ" ಎಂದು. ನಾನು ನಾಚಿ ಅವ್ವನ ಹಿಂದೆ ಸರಿಯುತ್ತಿದ್ದೆ.

ಅವರು ಬಂದು ಎರಡು ತಿಂಗಳಿಗೆ ನಾನು ಹುಟ್ಟಿದೆ. ನಮ್ಮದು ಸಿದ್ದಾಪುರದಿಂದ ಆರು ಮೈಲಿ ಒಳಗಿನ ಊರು. ಅಪ್ಪ ಒಡೆಯರೊಬ್ಬರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ನನಗಿಂತ ಮೊದಲು ಅವ್ವನಿಗೆ ಎರಡು ಕೂಸು ಹುಟ್ಟಿ ಹೋಗಿದ್ದವು. ಮೂರನೆಯ ಸಲ ಬೆಳಿಗ್ಗೆ ನೋವು ಶುರುವಾಗಿ ಮಧ್ಯಾಹ್ನವಾದರೂ ಏನೂ ಆಗದಿದ್ದಾಗ ಅಪ್ಪ ಸಿದ್ದಾಪುರಕ್ಕೆ ಓಡಿದ. ಬಾಯೋರು ಅವನ ಬೆನ್ನಿಗೇ ಗದ್ದೆಯ ಹಾಳಿ, ಬದುಗಳ ದಾರಿ ಹಿಡಿದು, ಸೀರೆ ಎತ್ತಿ ಕಟ್ಟಿಕೊಂಡು, ಆರು ಮೈಲಿ ನಡೆದು ಬಂದರು. ನಾನು ಕಾಲು ಮುಂದಾಗಿ ಬಂದೆ. ಬಂದವಳು ಅಳಲಿಲ್ಲ. ಅಜ್ಜಿ ಇದೂ ಹೋಯಿತೆಂದು ಗೋಡೆ ಕಡೆ ತಿರುಗಿ ಕೂತಳಂತೆ. ಬಾಯೋರು ನನ್ನ ಬಾಯಿಗೆ ಬಾಯಿಟ್ಟು ಉಸಿರು ಊದಿ, ಬೆನ್ನು ತಿಕ್ಕಿ, ಮತ್ತೆ ಊದಿದ ಮೇಲೆ, ಬಹಳ ಹೊತ್ತಿಗೆ ನಾನು ಬೆಕ್ಕಿನ ಮರಿಯ ಹಾಗೆ ಕುಂಯ್ ಎಂದೆನಂತೆ.

ಅಜ್ಜಿ ನನಗೆ ತಿಪ್ಪಿ ಎಂದು ಹೆಸರು ಆರಿಸಿದ್ದಳು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದವರಿಗೆ ಹಾಗೆ ಕಸದ ಹೆಸರು, ಕಲ್ಲಿನ ಹೆಸರು ಇಡುತ್ತಿದ್ದರು. ಯಮನಿಗೂ ಹೇಸಿಗೆಯಾಗಿ ಬಿಟ್ಟುಹೋಗಲಿ ಎಂದು. ಉಳಿದಂತೆ ನಮ್ಮ ಕೇರಿಯಲ್ಲಿದ್ದುದು ಗಂಗೆ, ಬಂಗಾರಿ, ಮಾದೇವಿ, ಇವೇ ನಾಲ್ಕಾರು ಹೆಸರು. ಬಾಯೋರು ಬೆಲ್ಲ ನೀರು ಕುಡಿಯುತ್ತ ಇದನ್ನು ಕೇಳಿಸಿಕೊಂಡು, ಇಷ್ಟು ಕಷ್ಟಪಟ್ಟು ಬಂದವಳನ್ನು ತಿಪ್ಪೆಗೆ ಯಾಕೆ ಎಸೆಯುತ್ತೀರಿ ಎಂದು ಕೇಳಿದರು. ಅವ್ವ, ಹಾಗಾದರೆ ನೀವೇ ಒಂದು ಹೆಸರು ಹೇಳಿ ಎಂದಳು.

"ಸುಜಾತಾ ಅನ್ನಿ. ಚೆಂದಾಗಿ ಹುಟ್ಟಿದವಳು ಅಂತ ಅದರ ಅರ್ಥ. ಕಾಲು ಮುಂದಾಗಿ ಬಂದ್ರೂ ಚೆಂದಾಗೇ ಹುಟ್ಟಿದ್ಲು ಗೋ ಇವಳು."

ಆ ಹೆಸರು ಅವರಿಗೆ ಗೊತ್ತಾದದ್ದು ಧಾರವಾಡದಲ್ಲಿ ತರಬೇತಿಗಿದ್ದಾಗ. ಅಲ್ಲಿನ ದೊಡ್ಡ ಡಾಕ್ಟರಬಾಯಿ ಒಂದು ಕಷ್ಟದ ಹೆರಿಗೆ ಮುಗಿಸಿ ಕೈ ತೊಳೆಯುತ್ತ, ತಮ್ಮಷ್ಟಕ್ಕೆ ಸುಜಾತಾ ಎಂದರಂತೆ. ಇವರು ಅದು ತಾಯಿಯ ಹೆಸರೆಂದು ತಿಳಿದು ಕಾಗದದಲ್ಲಿ ಬರೆದೇಬಿಟ್ಟರು. ಆಮೇಲೆ ಡಾಕ್ಟರಬಾಯಿ ನಕ್ಕು ಅರ್ಥ ಹೇಳಿದರು. ಸಂಸ್ಕೃತ ಬಾರದ ಬಾಯೋರಿಗೆ ಗೊತ್ತಿದ್ದ ಸಂಸ್ಕೃತ ಅದೊಂದೇ. ಅದನ್ನವರು ಸುಮ್ಮನೆ ಹಂಚುತ್ತಿರಲಿಲ್ಲ. ಸಲೀಸಾಗಿ ಹುಟ್ಟಿದ ಹೆಣ್ಣುಮಕ್ಕಳ ಮನೆಯವರು ಕೇಳಿದರೆ, ನಿಮ್ಮ ದೇವಿಯ ಹೆಸರಿಡಿ ಎಂದು ಸಾಗಹಾಕುತ್ತಿದ್ದರು. ಸಾವಿನ ಬಾಗಿಲು ತಟ್ಟಿ ಬಂದವರಿಗೆ ಮಾತ್ರ ಸುಜಾತಾ. ಪೇಟೆಯ ಓದಿದ ಮನೆಗಳಲ್ಲೂ ಆ ಹೆಸರು ಆಗ ಹೊಸತಾಗಿ ಓಡಾಡತೊಡಗಿತ್ತು, ನಿಜ. ಆದರೆ ಸಿದ್ದಾಪುರದ ಸುತ್ತಿನ ಕೇರಿಗಳಲ್ಲಿ, ಹುಲೇಕಲ್ಲಿನ ಕಡೆ ಮದುವೆಯಾಗಿ ಹೋಗಿ ಹೆರಿಗೆಗೆ ತವರಿಗೆ ಬಂದವರ ಮನೆಗಳಲ್ಲಿ ಹತ್ತು ವರ್ಷದಲ್ಲಿ ತುಂಬಿದ ಸುಜಾತೆಯರೆಲ್ಲ ಬಾಯೋರ ಕೈಯವರು. ಒಂದೇ ಕೋಣೆಯ ನನ್ನ ಶಾಲೆಯಲ್ಲೇ ನಾವು ಮೂವರಿದ್ದೆವು, ಉಳಿದಿಬ್ಬರು ನನಗಿಂತ ಕಿರಿಯರು.

ಆದರೆ ಶಾಲೆಗೆ ನಾನು ಆ ಹೆಸರಿನಿಂದ ಸೇರಲಿಲ್ಲ. ಹೆಸರು ಹಚ್ಚಲು ಅವ್ವ ನನ್ನನ್ನು ಕರೆದೊಯ್ದಾಗ ಮಾಸ್ತರು ಪುಸ್ತಕ ತೆರೆದು, ಸುಜಾತಾ ಎಂಬುದನ್ನು ಕೇಳಿ ಪೆನ್ನು ಕೆಳಗಿಟ್ಟರು. ಸುಜಾತಾ ಎಂದರೆ ಒಳ್ಳೆಯ ಕುಲದಲ್ಲಿ ಹುಟ್ಟಿದವಳು ಎಂದರ್ಥ, ಅಂಥ ಹೆಸರು ನಿಮಗೆ ಯಾಕೆ ಬೇಕಿತ್ತು, ಮನೆಯಲ್ಲಿ ಏನು ಕರೆಯುತ್ತೀರಿ ಎಂದು ಕೇಳಿದರು. ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ತಪ್ಪು ಕಾಗುಣಿತ ತಿದ್ದುವ ಹಾಗೆ ಹೇಳಿದರು. ಅಜ್ಜಿ ಇನ್ನೂ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದುದರಿಂದ ಅವ್ವ ಸುಳ್ಳು ಹೇಳಲಾರದೆ ತಿಪ್ಪಿ ಎಂದಳು. ಅವರು ಅದನ್ನೇ ಬರೆದರು. ದಿನಾ ಹಾಜರಿ ಕರೆಯುವಾಗ ಮಕ್ಕಳು ಮೂಗು ಮುಚ್ಚಿಕೊಳ್ಳತೊಡಗಿದರು. ನಾನು ಹಾಜರಿಗೆ ಓಗೊಡುವುದನ್ನೇ ಬಿಟ್ಟೆ. ಮಳೆಗಾಲ ಕಳೆಯುವ ಹೊತ್ತಿಗೆ ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದೆ.

ಅವ್ವ ಸಂತೆಗೆ ಹೋದವಳು ಬಾಯೋರ ಹತ್ತಿರ ಇದನ್ನು ಹೇಳಿಕೊಂಡಿದ್ದಳು. ಸಿಡುಬಿಗೆ ಚುಚ್ಚುವವರು ಶಾಲೆಗೆ ಬಂದ ದಿನ ಅವರ ಜೊತೆ ಬಾಯೋರೂ ಬಂದರು. ನಮ್ಮ ತೋಳುಗಳನ್ನೆಲ್ಲ ಒರೆಸಿ ಮುಗಿಸಿ, ಮಾಸ್ತರ ಮೇಜಿನ ಎದುರು ನಿಂತರು. ಅವರು ದನಿ ಏರಿಸಲಿಲ್ಲ.

"ಮಾಸ್ತರೇ, ನನಗೆ ಸಂಸ್ಕೃತ ಬರೂದಿಲ್ಲ. ಜಾತ ಅಂದ್ರೆ ಎಂತದು?"

ಹುಟ್ಟಿದ್ದು ಎಂದರು ಮಾಸ್ತರು.

"ಸು ಅಂದ್ರೆ?"

ಒಳ್ಳೆಯದು, ಚೆನ್ನಾಗಿ.

"ಕುಲ ಅನ್ನೂದು ಇದರಲ್ಲಿ ಯಾವ ಅಕ್ಷರದಲ್ಲಿ ಅದೆ, ತೋರಿಸಿ."

ಮಾಸ್ತರು ಕೋಶದಲ್ಲಿ ಹಾಗೂ ಅರ್ಥ ಇದೆ ಎಂದು ಏನೋ ಹೇಳಹೋದರು. ಬಾಯೋರು ಅಲ್ಲಿ ಇರಬಹುದು ಎಂದು ಒಪ್ಪಿಕೊಂಡರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಇವಳು ಹುಟ್ಟಿದ್ದು ಕಂಡವಳು ನಾನು. ಚೆಂದಾಗಿ ಹುಟ್ಟಿದ್ಲೋ ಇಲ್ವೋ ಹೇಳ್ಲಿಕ್ಕೆ ನಾನು ಸಾಕು" ಎಂದರು.

ಮಾಸ್ತರು ಪುಸ್ತಕ ತೆರೆದು, ಹಳೆಯ ಹೆಸರಿನ ಮೇಲೆ ಗೆರೆ ಎಳೆದು, ಕೆಂಪು ಶಾಯಿಯಲ್ಲಿ ಹೊಸದು ಬರೆದು, ಬದಿಗೆ ಸಹಿ ಮಾಡಿದರು. ಅವರು ಕೆಟ್ಟವರಲ್ಲ. ಮೂರನೆಯ ಇಯತ್ತೆಯಲ್ಲಿ ಬುದ್ಧನ ಪಾಠ ಬಂದಾಗ, ಉಪವಾಸದಿಂದ ಬಸವಳಿದಿದ್ದ ಅವನಿಗೆ ಪಾಯಸ ಕೊಟ್ಟವಳು ಒಬ್ಬ ಹಳ್ಳಿಯ ಹೆಣ್ಣುಮಗಳು, ಅವಳ ಹೆಸರೂ ಸುಜಾತಾ ಎಂದು ಹೇಳಿ, ನಮ್ಮ ಮೂವರನ್ನೂ ಎದ್ದು ನಿಲ್ಲಿಸಿದರು. ಪುಸ್ತಕದಲ್ಲಿ ಅಷ್ಟು ಇರಲಿಲ್ಲ, ಅವರೇ ಸೇರಿಸಿ ಹೇಳಿದ್ದು.

ನಾನು ಆರನೆಯದರಲ್ಲಿದ್ದಾಗ ಬಾಯೋರಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಒಂದೂವರೆ ವರ್ಷ ಸುದ್ದಿಯೇ ಇಲ್ಲ. ಒಂದು ದಿನ ಮಧ್ಯಾಹ್ನ, ಯಾರೂ ಕರೆಯದೆ, ಕೈಯಲ್ಲಿ ಚೀಲವೂ ಇಲ್ಲದೆ ನಮ್ಮ ಮನೆಗೆ ಬಂದರು. ತುಂಬ ಸೊರಗಿ ಬಡವಾಗಿದ್ದರು. ಅವ್ವ ಕೊಟ್ಟ ನೀರು ಕುಡಿದು ಜಗಲಿಯಲ್ಲಿ ಕೂತು, ಮಂಚಿಕೇರಿಯ ಹತ್ತಿರದ ಒಂದು ಮನೆಯ ಸಂಗತಿ ಹೇಳಿದರು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ.

ಅಲ್ಲಿ ಕೂಲಿಯ ಹೆಂಗಸೊಬ್ಬಳಿಗೆ ಇವರು ಹೋಗಿ ಮುಟ್ಟುವಷ್ಟರಲ್ಲಿ ರಕ್ತ ನಿಲ್ಲದೆ ಹೋಗುತ್ತಿತ್ತು. ಹೆಣ್ಣುಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. ಗಂಡ ಕೂಸನ್ನು ಎತ್ತಿಕೊಂಡು ಬಂದು, ನೀವು ಇಡುವ ಹೆಸರನ್ನೇ ಇಡುತ್ತೇನೆ ಬಾಯೋರೇ ಎಂದ. ಇವರ ಕೈಯಲ್ಲಿ ಇನ್ನೂ ರಕ್ತವಿತ್ತು. ಇವಳಿಗೆ ಆ ಹೆಸರು ಬೇಡ, ಇದು ಚೆಂದದ ಹುಟ್ಟಲ್ಲ ಎಂದು ಹೇಳಿ ಇವರು ಹೊರಟುಬಂದರು. ಆ ಮಾತು ಆಡಿದ ಮೇಲೆ ಅವರಿಗೆ ಊಟ ಸೇರಲಿಲ್ಲ. ನಾಲ್ಕು ತಿಂಗಳು ತಡೆದು, ಕೂಸಿಗೆ ಹೆಸರು ಕೊಟ್ಟೇ ಬರಬೇಕೆಂದು ಆ ಮನೆಗೆ ಹೋದರೆ, ಗಂಡ ಆಗಲೇ ಸುಜಾತಾ ಎಂದು ಕರೆದಾಗಿತ್ತು. ನೀವು ಬೇಡ ಎಂದಿರಿ, ಆದರೂ ಇಟ್ಟೆ ಎಂದನಂತೆ. ಅವಳು ಹೋದದ್ದು ಅವಳ ಆಯುಷ್ಯ. ಈ ಕೂಸು ಹುಟ್ಟಿದ್ದರಲ್ಲಿ ತಪ್ಪೇನಿತ್ತು ಎಂದನಂತೆ.

ಬಾಯೋರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಅತ್ತದ್ದು ನಾನು ಕಂಡದ್ದು ಅದೊಂದೇ ಸಲ.

"ಅರ್ಥ ನನಗೊಬ್ಬಳಿಗೇ ಗೊತ್ತು ಅಂತ ಮಾಸ್ತರಿಗೂ ಪಾಠ ಹೇಳಿ ಬಂದೆ ಗೋ. ಪೂರಾ ಅರ್ಥ ಗೊತ್ತಿದ್ದದ್ದು ಅವನಿಗೆ."

ಅವ್ವ ಒಳಗೆ ಹೋಗಿ ಅನ್ನಕ್ಕೆ ಇಟ್ಟಳು. ಅಂದು ಬಾಯೋರು ನಮ್ಮ ಮನೆಯಲ್ಲಿ ಉಂಡರು. ಹೊರಡುವಾಗ ನನ್ನನ್ನು ಹತ್ತಿರ ಕರೆದು, ಮಂಚಿಕೇರಿಯ ಆ ಕೂಸು ನಿನ್ನ ತಂಗಿ ಇದ್ದ ಹಾಗೆ, ನೆನಪಿಟ್ಟುಕೋ ಎಂದರು. ನಾನು ತಲೆಯಾಡಿಸಿದೆ.

ಮರುವರ್ಷ ಬೇಸಿಗೆಯಲ್ಲಿ ಅಪ್ಪ ಸಂತೆಯಿಂದ ಸುದ್ದಿ ತಂದ. ದವಾಖಾನೆಯ ಕಂಪೌಂಡರು ಹೇಳಿದ್ದರು: ಬಾಯೋರು ಕಾಯಿಲೆ ಬಿದ್ದು ಕರಾವಳಿಯ ತಮ್ಮನ ಮನೆಗೆ ಹೋಗಿ, ಅಲ್ಲೇ ತೀರಿಕೊಂಡು ಆಗಲೇ ಹದಿನೈದು ದಿನವಾಗಿತ್ತು.

ಅವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ನೇರ ಬಾವಿಕಟ್ಟೆಗೆ ಹೋದಳು. ಉಟ್ಟ ಸೀರೆಯಲ್ಲೇ ತಲೆಯ ಮೇಲೆ ಕೊಡಪಾನ ಸುರಿದುಕೊಂಡು, ಇನ್ನೊಂದು ಕೊಡ ಸೇದಿ ನನ್ನನ್ನು ಕರೆದಳು. ಮನೆಯವರು ಸತ್ತರೆ ಮೀಯುವ ಹಾಗೆ ಮೀಯುವುದನ್ನು ಕಂಡು ಅಜ್ಜಿ ಬಾಗಿಲಿಗೆ ಬಂದು, ಅವರ ಜಾತಿ ಬೇರೆ, ಊರು ಬೇರೆ, ನಮಗೆ ಎಂಥ ಸೂತಕ ಎಂದು ಕೇಳಿದಳು.

"ಕೂಸಿಗೆ ಹೆಸರಿಡೂದು ಸೋದರತ್ತೆ ಅಲ್ವಾ?" ಎಂದಳು ಅವ್ವ. "ಹೆಸರಿಟ್ಟವ್ರಿಗೆ ಮೀಯೂದೇ ಸೈ."

ನಾನು ಕಲ್ಲಿನ ಮೇಲೆ ಕೂತು ತಲೆ ತಗ್ಗಿಸಿದೆ. ಅವ್ವ ನೀರು ಹೊಯ್ದಳು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೂ ಬಾವಿಯ ಕಡೆ ಇಳಿದು ಬಂದಳು.