ದಕ್ಷಿಣಕ್ಕೆ ಮುಖ ಮಾಡಿದ ಡಿಶ್

ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಆದರೆ ಇಂಡಿ, ಸಿಂದಗಿ ಭಾಗದಲ್ಲಿ ನಾನು ಕೂರಿಸಿದ ಡಿಶ್ ಅಲುಗಾಡಿದ್ದನ್ನು ಯಾರೂ ಕಂಡಿಲ್ಲ ಎಂದು ಎದೆ ತಟ್ಟಿಕೊಂಡು ತಿರುಗುತ್ತಿದ್ದೆ.

ಮೋರಟಗಿಯಾಚೆ ಒಂದು ಹಳ್ಳಿ. ಮೊಬೈಲ್ ಸಿಗ್ನಲ್ ಇಲ್ಲ. ರೇಷನ್ ಅಂಗಡಿಯವನು ಹೆಬ್ಬೆಟ್ಟಿನ ಮಷೀನ್ ಹಿಡಿದು ಸಿಗ್ನಲ್ ಹುಡುಕಿ ದಿಬ್ಬ ಹತ್ತುತ್ತಿದ್ದ. ಊರೆಲ್ಲ ಅವನ ಹಿಂದೆ ಹತ್ತಿ, ಹೆಬ್ಬೆಟ್ಟು ಒತ್ತಿ, ಇಳಿದು ಬಂದು ಅಕ್ಕಿ ಒಯ್ಯುತ್ತಿತ್ತು. ಅಲ್ಲಿಗೆ ಉಪಗ್ರಹದಿಂದ ಇಂಟರ್ನೆಟ್ ತರುವ ಕೆಲಸ ನನ್ನದಾಯಿತು. ಅಂಗಡಿಯ ಸುತ್ತ ಬೇವಿನ ಮರ, ಆಕಾಶವೇ ಕಾಣದು. ಹಾಗಾಗಿ ಒಬ್ಬ ಅಜ್ಜಿಯ ಮಾಳಿಗೆ ಮೇಲೆ ಡಿಶ್ ಕೂರಿಸಿ, ಅಲ್ಲಿಂದ ಅಂಗಡಿಗೆ ತಂತಿಯಿಲ್ಲದೆ ಸಿಗ್ನಲ್ ದಾಟಿಸಲು ನೀರಿನ ಟಾಕಿ ಮೇಲೊಂದು ಡಬ್ಬಿ ಕಟ್ಟಿದೆ.

"ನಾಳೆ ಚಾಲೂ ಆದ್ರ ಮುದ್ದೇಬಿಹಾಳ, ಬಾಗೇವಾಡಿ ಕೆಲಸಾನೂ ನಿಮಗ. ಇಲ್ಲಂದ್ರ ಡಿಪ್ಲೊಮಾ ಹುಡುಗರನ್ನ ಕಳಸ್ತೇನಿ," ಎಂದಿದ್ದರು ಕಂಪನಿಯ ಸಾಹೇಬರು.

ಮರುದಿನ ಚೀಲ ಹಿಡಿದು ಊರೇ ನಿಂತಿತ್ತು. ಮಷೀನಿಗೆ ನೆಟ್ ಸಿಗಲೊಲ್ಲದು. ಅಂಗಡಿಯ ವೈರ್ ಬಿಚ್ಚಿ ಜೋಡಿಸಿದೆ. ಟಾಕಿ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಅಲ್ಲಿಂದ ಮಾಳಿಗೆ ಕಾಣುತ್ತಿತ್ತು, ಕತ್ತು ತಿರುಗಿಸಲಿಲ್ಲ. ಡಿಶ್ ನಾನೇ ಕೂರಿಸಿದ್ದಲ್ಲವೇ!

"ಏನ್ರಿ ಮೇಸ್ತ್ರಿ, ನಮ್ಮ ದಿಬ್ಬಾನ ಚಲೋ ಇತ್ತಲ್ಲರಿ!" ಎಂದಳು ಸಾಲಿನಲ್ಲಿದ್ದ ಹೆಣ್ಣುಮಗಳು. ಎಲ್ಲರೂ ನಕ್ಕರು.

ಬೇರೆ ದಾರಿಯಿಲ್ಲದೆ ಮಾಳಿಗೆ ಹತ್ತಿದೆ, ಅಜ್ಜಿಯೂ ಹಿಂದೆ ಬಂದಳು. ದಕ್ಷಿಣಕ್ಕಿದ್ದ ಡಿಶ್ ಕುಂಕುಮ ಹಚ್ಚಿಕೊಂಡು ಪೂರ್ವಕ್ಕೆ ಮುಖ ಮಾಡಿ ಕೂತಿತ್ತು.

"ಆಯಿ, ಇದನ್ನ ಯಾರು ತಿರುವಿದ್ರು?"

"ನಾನ. ಹೊಸಾ ಸಾಮಾನು ಯಮನ ದಿಕ್ಕಿಗೆ ಮಾರಿ ಮಾಡಿ ಇಟ್ಟೀಯಲ್ಲೋ ತಮ್ಮಾ!"

"ಉಪಗ್ರಹ ಆ ಕಡೀಗೇ ಐತಿ."

"ಹಂಗಾರ ಅದಕ್ಕ ಈ ಕಡೀಗೆ ಸರದು ಬಾ ಅನ್ನು."

"ಪಾನಾ ಹಾಕಿ ನಟ್ಟು ಬಿಗಿದಿದ್ನಲ್ಲ, ಹೆಂಗ ತಿರುವಿದಿ?"

"ಐವತ್ತು ವರ್ಷ ರೊಟ್ಟಿ ಬಡದ ಕೈ ಇದು!"

"ತಿರುಗಸಲಿಲ್ಲಂದ್ರ ನಿನ್ನ ಅಕ್ಕಿನೂ ಬರೂದಿಲ್ಲ ನೋಡು."

ಅಜ್ಜಿ ಯೋಚಿಸಿದಳು. "ತಿರುವು ಹಂಗಾರ. ಯಮಾ ಬಂದ್ರ ನಿನ್ನ ಮನಿ ತೋರಸ್ತೇನಿ."

ತಿರುಗಿಸಿ ಬಿಗಿದೆ. ಅತ್ತ ಅಂಗಡಿಯಲ್ಲಿ ಮೊದಲ ಹೆಬ್ಬೆಟ್ಟು ಬಿತ್ತು. ಊರು ಕೇಕೆ ಹಾಕಿತು. ಅದೇ ನೆಟ್ಟಿನಲ್ಲಿ ಸಾಹೇಬರಿಗೆ ವಿಡಿಯೋ ಕಾಲ್ ಮಾಡಿದೆ.

"ಇಷ್ಟ್ಯಾಕ ತಡಾ ಆತು?"

ಮುದುಕಿ ತಿರುವಿದಳು ಎಂದರೆ ನನ್ನ ಬಿಗಿತದ ಮರ್ಯಾದೆ ಹೋಗುತ್ತದೆ. "ಗಾಳಿ ರೀ ಸಾಹೇಬ್ರ."

"ಯಾ ಗಾಳಿ? ಒಂದ ಎಲಿ ಅಲಗಿಲ್ಲ!" ಅಜ್ಜಿ ಫೋನಿಗೆ ಮುಖ ತೂರಿಸಿದಳು. "ತಿರುವಿದಾಕಿ ನಾನ್ರಿ, ಒಂದ ಕೈಲೆ!"

ಸಾಹೇಬರು ನಕ್ಕು ನಕ್ಕು ಸುಸ್ತಾದರು. "ಮುದ್ದೇಬಿಹಾಳಕ್ಕ ಹೋಗ್ರಿ ಮೇಸ್ತ್ರಿ. ಆದ್ರ ಎರಡೆರಡು ನಟ್ಟು ಹಾಕ್ರಿ."

ಈಗ ಹಾಗೇ ಹಾಕುತ್ತೇನೆ. ಬಿಗಿದ ಮೇಲೆ ಆ ಮನೆಯ ಹಿರಿಯ ಹೆಣ್ಣುಮಗಳನ್ನು ಮಾಳಿಗೆಗೆ ಕರೆದು, "ತಿರುವಿ ನೋಡ್ರಿ" ಎನ್ನುತ್ತೇನೆ. ಆಕೆ ಸೋತರೆ ಮಾತ್ರ ಚಹಾ ಕುಡಿಯುತ್ತೇನೆ.