ಗೇಟಕ್ಕನ ತೂಕದ ಮೂಟೆ

ಹೆಂಗಸರ ಚೀಲ ತಡಕುವುದೇ ಕೆಲಸವಾದವರಿಗೆ ಮನುಷ್ಯರ ಬಗ್ಗೆ ಒಂದಷ್ಟು ತಿಳಿವಳಿಕೆ ಬಂದೇ ಬರುತ್ತದೆ. ಯಾರು ಬೆಳಿಗ್ಗೆ ಮನೆಯಲ್ಲಿ ಕಿತ್ತಾಡಿಕೊಂಡು ಬಂದಿದ್ದಾರೆ, ಯಾರು ತೂಕ ಇಳಿಸುತ್ತೇನೆಂದು ಹೇಳಿಕೊಂಡು ಚೀಲದ ತಳದಲ್ಲಿ ಬಿಸ್ಕತ್ತು ಬಚ್ಚಿಟ್ಟಿದ್ದಾರೆ, ಯಾರು ಬೇರೆ ಕಡೆ ಅರ್ಜಿ ಹಾಕಲು ಹೊಸ ಫೋಟೋ ತೆಗೆಸಿಕೊಂಡಿದ್ದಾರೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತುಟಿ ಬಿಚ್ಚುತ್ತಿರಲಿಲ್ಲ. ಆ ಗಾಜಿನ ಕಟ್ಟಡದ ಮುಂಗೇಟಿನಲ್ಲಿ ನೀಲಿ ಸಮವಸ್ತ್ರ ತೊಟ್ಟು ನಿಲ್ಲುತ್ತಿದ್ದ ಅವಳನ್ನು ಎಲ್ಲರೂ ಗೇಟಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಅವಳೂ ಬೇಸರ ಮಾಡಿಕೊಂಡಿರಲಿಲ್ಲ.

ಮುಂಗೇಟಿನ ಹಗಲು ಪಾಳಿ ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಮೊದಲು ಅದೇ ಕಂಪನಿಯ ಗೋದಾಮಿನಲ್ಲಿ ಎರಡನೇ ಪಾಳಿ ಮಾಡುತ್ತಿದ್ದಳು. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಅಮ್ಮ ಹೊರಟಿರುತ್ತಿದ್ದಳು. ಅಪ್ಪ ಲಾರಿ ಓಡಿಸುವವನು, ಬಂದಾಗ ಬಂದ, ಹೋದಾಗ ಹೋದ. ಹೀಗಾಗಿ ಮಗು ಕೊರಳಿಗೆ ದಾರ ಕಟ್ಟಿ ಮನೆಯ ಬೀಗದ ಕೈ ನೇತುಹಾಕಿಕೊಂಡು ಶಾಲೆಗೆ ಹೋಗುತ್ತಿತ್ತು. ತಾನೇ ಬಾಗಿಲು ತೆಗೆದು, ತಣ್ಣಗಾದ ಅನ್ನ ಉಂಡು, ಮನೆಯೊಳಗೆ ಒಬ್ಬಳೇ ಇರಲು ಹೆದರಿ ಕೆಳಗಿನ ಟೈಲರ್ ಅಂಗಡಿಯ ಚಿಂದಿ ರಾಶಿಯ ಮೇಲೆ ಕೂತು ಹೋಂವರ್ಕ್ ಬರೆಯುತ್ತಿತ್ತು. ಒಂದು ದಿನ ಸ್ನಾನ ಮಾಡಿಸುವಾಗ ಗೇಟಕ್ಕನಿಗೆ ಮಗಳ ಎದೆಯ ಮೇಲೆ ಬೀಗದ ಕೈಯ ಆಕಾರದ ಸಣ್ಣ ಕರಿ ಗುರುತು ಕಂಡಿತು. ಉಜ್ಜಿದರೆ ಹೋಗುವಂಥದ್ದೇ, ಹೋಯಿತು ಕೂಡ. ಆದರೆ ಅವತ್ತಿನಿಂದ ಅವಳು ಹಗಲು ಪಾಳಿಗಾಗಿ ಯಾರ ಯಾರ ಮುಂದೆ ಹಲ್ಲು ಗಿಂಜಿದಳೋ ಲೆಕ್ಕವಿಲ್ಲ. ಕೊನೆಗೂ ಮುಂಗೇಟು ಸಿಕ್ಕಿತು. ಬೀಗದ ಕೈ ಮಗಳ ಕೊರಳಿನಿಂದ ಇಳಿದು ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಶಾಲೆ ಬಿಟ್ಟ ಮೇಲೆ ಟೈಲರ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ಅಮ್ಮನೇ ಬಂದು ಬಾಗಿಲು ತೆಗೆಯುತ್ತಿದ್ದಳು.

ಅದಾದ ಸ್ವಲ್ಪ ದಿನಕ್ಕೇ ಕಂಪನಿಗೆ ಭೂಮಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕು ಇನ್ನು ಆವರಣದೊಳಗೆ ಕಾಲಿಡುವಂತಿಲ್ಲ ಎಂದು ಗೋಡೆ ಗೋಡೆಗೂ ಬರೆಸಿದರು. ಅಲ್ಲಿಯವರೆಗೆ ಕುರ್ಚಿ ಮೇಜುಗಳ ರಿಪೇರಿ ನೋಡಿಕೊಳ್ಳುತ್ತಿದ್ದ ಅಧಿಕಾರಿಯೊಬ್ಬರು ರಾತ್ರಿ ಕಳೆದು ಬೆಳಗಾಗುವುದರೊಳಗೆ ಪರಿಸರದ ಮುಖ್ಯಸ್ಥರಾಗಿಬಿಟ್ಟರು. ಕೊರಳಪಟ್ಟಿ ಹಸಿರು, ಪೆನ್ನು ಹಸಿರು, ಕಾಲುಚೀಲವೂ ಹಸಿರು. ಎದುರಿಗೆ ಎಲ್ಲರೂ ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಹಸಿರಣ್ಣ.

ಹಸಿರಣ್ಣ ಮಾಡಿದ ಮೊದಲ ಕೆಲಸವೆಂದರೆ ಎಲ್ಲರಿಗೂ ಸ್ಟೀಲ್ ಬಾಟಲಿ ಹಂಚಿದ್ದು. ಬಾಟಲಿಗೊಂದು ಪ್ಲಾಸ್ಟಿಕ್ ಕವರು, ಮುಚ್ಚಳಕ್ಕೆ ಬೇರೆ ಕವರು, ಎರಡನ್ನೂ ಇಟ್ಟ ರಟ್ಟಿನ ಡಬ್ಬಿಯ ಮೇಲೆ ಮಿರಮಿರ ಮಿಂಚುವ ಇನ್ನೊಂದು ಹೊದಿಕೆ. ಬಿಚ್ಚಿದ ಕವರುಗಳ ನಡುವೆ ನಿಂತು ಅವರು ಪ್ಲಾಸ್ಟಿಕ್ಕಿನ ವಿರುದ್ಧ ಭಾಷಣ ಮಾಡಿದರು. ಪರಪರ ಸದ್ದಿನಲ್ಲಿ ಅರ್ಧ ಭಾಷಣ ಯಾರಿಗೂ ಕೇಳಿಸಲಿಲ್ಲ. ನಷ್ಟವೇನೂ ಆಗಲಿಲ್ಲ.

ಸುಳ್ಳು ಹೇಳಬಾರದು, ಕ್ಯಾಂಟೀನಿನಲ್ಲಿ ಬಿಸಾಡುವ ಲೋಟ ಹೋಗಿ ಸ್ಟೀಲ್ ಲೋಟ ಬಂದದ್ದು ಒಳ್ಳೆಯದೇ ಆಯಿತು. ಪಾತ್ರೆ ತೊಳೆಯುವ ಹೆಂಗಸರು ನಾಲ್ಕು ದಿನ ಗೊಣಗಿದರು, ಆಮೇಲೆ ಒಬ್ಬಳು ಹೆಚ್ಚಿಗೆ ಕೆಲಸಕ್ಕೆ ಬಂದಳು, ಟೀಗೆ ಟೀಯ ರುಚಿ ಬಂತು. ಅದೊಂದನ್ನು ಗೇಟಕ್ಕ ಯಾವತ್ತೂ ಒಪ್ಪುತ್ತಿದ್ದಳು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಹಸಿರಣ್ಣನಿಗೆ ಅವಳೇ ಕೈ ಮುಗಿಯುತ್ತಿದ್ದಳೇನೋ.

ಆದರೆ ಲೋಟ ಬದಲಾದದ್ದನ್ನು ಟೀವಿಯಲ್ಲಿ ತೋರಿಸಲಾಗುವುದಿಲ್ಲವಲ್ಲ. ತೋರಿಸಲಿಕ್ಕೆ ಏನಾದರೂ ಬೇಕು. ಹೀಗಾಗಿ ಗೇಟಿನಲ್ಲಿ ಜಪ್ತಿ ಶುರುವಾಯಿತು. ಒಳಗೆ ಬರುವವರ ಚೀಲದಲ್ಲಿ ಸಿಕ್ಕ ಕವರು, ಚಮಚ, ಬಾಟಲಿಗಳನ್ನೆಲ್ಲ ಗೇಟಕ್ಕ ತೆಗೆದುಕೊಂಡು ಕಾವಲು ಕೋಣೆಯ ಹಿಂದೆ ಮೂಟೆ ಕಟ್ಟಬೇಕು. ತಿಂಗಳ ಕೊನೆಗೆ ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗಬೇಕು. ಆ ತೂಕಕ್ಕೆ ತಕ್ಕಂತೆ ಸ್ವಾಗತ ಕೋಣೆಯ ದೊಡ್ಡ ಟೀವಿಯಲ್ಲಿ ಒಂದು ಮರ ಎಲೆ ಬಿಡುತ್ತಿತ್ತು. ಮೊದಲ ತಿಂಗಳು ಮರ ಸೊಂಪಾಗಿ ಬೆಳೆಯಿತು. ಅತಿಥಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಜನ ದಡ್ಡರಲ್ಲ. ಒಂದು ಸಲ ಕಳೆದುಕೊಂಡವರು ಮರುದಿನದಿಂದ ಬಟ್ಟೆ ಚೀಲ ತಂದರು, ಸ್ಟೀಲ್ ಡಬ್ಬಿ ತಂದರು. ಮೂಟೆ ಸೊರಗಿತು. ಗೇಟಕ್ಕನಿಗೆ ಇದು ಸಂತೋಷದ ಸಂಗತಿ ಎನಿಸಿ, ತಾನೇ ಹೋಗಿ ಹಸಿರಣ್ಣನಿಗೆ ಹೇಳಿದಳು.

“ಈಗ ಯಾರೂ ತರ್ತಾನೇ ಇಲ್ಲ ಸಾರ್. ನೀವು ಗೆದ್ದುಬಿಟ್ರಿ.”

ಹಸಿರಣ್ಣನ ಮುಖ ಸಾಲ ವಾಪಸು ಕೇಳಿಸಿಕೊಂಡವರ ಮುಖದಂತಾಯಿತು. “ಗೆಲ್ಲೋದಲ್ಲಮ್ಮ, ಮರ ನೋಡಿದ್ಯಾ? ಬೋಳಾಗಿ ನಿಂತಿದೆ. ನಾನು ಮೇಲಿನವರಿಗೆ ಏನು ತೋರಿಸ್ಲಿ?”

ಪ್ಲಾಸ್ಟಿಕ್ ಬಾರದಿರಲಿ ಎಂದು ಹೊರಟವರಿಗೆ ಪ್ಲಾಸ್ಟಿಕ್ ಬಾರದಿರುವುದೇ ದೊಡ್ಡ ಸಂಕಟವಾಗಿ ಕೂತಿತು. ಇನ್ನೂ ಚೆನ್ನಾಗಿ ಹುಡುಕು ಎಂದರು. ಗೇಟಕ್ಕ ಹುಡುಕಿದಳು. ಮಾತ್ರೆಯ ಖಾಲಿ ಹಾಳೆ, ಹಲ್ಲು ಮುರಿದ ಬಾಚಣಿಗೆ, ಪೆನ್ನಿನ ಮುಚ್ಚಳ, ಚಾಕೊಲೇಟಿನ ಕಾಗದ, ಕಣ್ಣಿಗೆ ಬಿದ್ದದ್ದನ್ನೆಲ್ಲ ಮೂಟೆಗೆ ಹಾಕಿದಳು. ಹೆಂಗಸರ ತಿಂಗಳ ಪ್ಯಾಡಿನ ಹೊದಿಕೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಹಸಿರಣ್ಣ ಒಂದು ದಿನ ಯೋಚನೆಗೆ ಬಿದ್ದರು. ಅಂಥದ್ದೆಲ್ಲ ಇಲ್ಲಿಗೆ ಯಾರೂ ತರುವುದಿಲ್ಲ ಎಂದು ಗೇಟಕ್ಕ ಮುಖ ನೋಡಿಯೇ ಸುಳ್ಳು ಹೇಳಿದಳು. ಇಷ್ಟೆಲ್ಲ ಮಾಡಿದರೂ ಮರಕ್ಕೆ ಬಂದದ್ದು ಪುಡಿ ಎಲೆ.

ತಿಂಗಳು ಮುಗಿಯುವ ಹೊತ್ತಿಗೆ ಒಂದು ಸಂಜೆ ಹಸಿರಣ್ಣ ಖುದ್ದು ಗೇಟಿಗೆ ಬಂದು ನಿಂತರು. ಹೊರಗೆ ಹೋಗುವವರ ಚೀಲವನ್ನೂ ತಡಕಬೇಕಂತೆ. ಹೊರಗೆ ಹೋಗುತ್ತಿದೆ ಎಂದರೆ ಒಳಗೆ ಬಂದಿತ್ತು ಎಂದಾಯಿತಲ್ಲ ಎನ್ನುವುದು ಅವರ ತರ್ಕ. ಸಾಲಿನಲ್ಲಿ ಅಕೌಂಟ್ಸಿನ ಹುಡುಗಿ ಬಂದಳು. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿ ಇನ್ನೂ ವಾರವಾಗಿರಲಿಲ್ಲ, ಕಣ್ಣಿನ ಸುತ್ತ ನಿದ್ದೆಗೇಡಿನ ನೆರಳು. ಅವಳ ಕೈಯಲ್ಲಿ ಒಂದು ಪುಟ್ಟ ತಂಪು ಚೀಲ ಇತ್ತು. ಅದರಲ್ಲೇನಿದೆ ಎಂದು ಗೇಟಕ್ಕನಿಗೆ ಮೊದಲ ದಿನದಿಂದಲೇ ಗೊತ್ತಿತ್ತು, ದಿನವೂ ಮೇಲಿಂದ ಮುಟ್ಟಿ ಬಿಟ್ಟುಬಿಡುತ್ತಿದ್ದಳು. ಹಸಿರಣ್ಣ ಜಿಪ್ಪು ಎಳೆದರು. ಒಳಗೆ ಮಂಜುಗಡ್ಡೆಯ ಪಕ್ಕದಲ್ಲಿ ಸಣ್ಣ ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳು, ಅವುಗಳಲ್ಲಿ ಹಾಲು. ಹಗಲೆಲ್ಲ ಬಿಡುವು ಸಿಕ್ಕಾಗ ಮರೆಯಲ್ಲಿ ಕೂತು ಆ ತಾಯಿ ಮಗುವಿಗೆಂದು ಹಿಂಡಿಟ್ಟುಕೊಂಡ ಹಾಲು.

ಹಸಿರಣ್ಣ ಒಂದನ್ನು ಬೆಳಕಿಗೆ ಹಿಡಿದು ನೋಡಿದರು. “ಇದು ಒಂದ್ಸಲ ಬಳಸಿ ಎಸೆಯೋದು ತಾನೆ?”

ಹುಡುಗಿ ತಲೆ ತಗ್ಗಿಸಿ ಹೌದೆಂದಳು. ಗಾಜಿನ ಬಾಟಲಿ ಎರಡು ಸಲ ಬಸ್ಸಿನ ನೂಕುನುಗ್ಗಲಲ್ಲಿ ಒಡೆದುಹೋಯಿತೆಂದು ಮೆಲ್ಲಗೆ ಹೇಳಿದಳು. ಹಿಂದೆ ನಿಂತವರು ಫೋನು ನೋಡುವಂತೆ ನಟಿಸಿದರು. ನಿಯಮ ಎಲ್ಲರಿಗೂ ಒಂದೇ, ಒಳಗಿನದನ್ನು ಸುರಿದು ಪೊಟ್ಟಣ ಮೂಟೆಗೆ ಹಾಕು ಎಂದು ಹಸಿರಣ್ಣ ಗೇಟಕ್ಕನಿಗೆ ಹೇಳಿ, ಕಾವಲು ಕೋಣೆಯ ಬಚ್ಚಲಿನ ಕಡೆ ಕೈ ತೋರಿಸಿದರು.

ಗೇಟಕ್ಕ ಪೊಟ್ಟಣ ಕೈಗೆ ತೆಗೆದುಕೊಂಡಳು. ತಣ್ಣಗಿತ್ತು, ಅಂಗೈಯಲ್ಲಿ ಹಿಡಿಯುವಷ್ಟೇ ಇತ್ತು. ತನ್ನ ಮಗಳು ಹಸುಗೂಸಾಗಿದ್ದಾಗ ಪಾಳಿ ಮುಗಿಯುವ ಹೊತ್ತಿಗೆ ಎದೆ ಕಲ್ಲಾಗಿ ಸಮವಸ್ತ್ರ ಒದ್ದೆಯಾಗುತ್ತಿದ್ದದ್ದು, ಗೋದಾಮಿನ ಬಚ್ಚಲಿಗೆ ಹೋಗಿ ಹಿಂಡಿ ಚೆಲ್ಲಿ ಬರುತ್ತಿದ್ದದ್ದು ನೆನಪಾಯಿತು. ಆಗ ಇಂಥ ಪೊಟ್ಟಣ ಇರುತ್ತದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

“ಸುರಿಯೋದಾದ್ರೆ ನೀವೇ ಸುರೀರಿ ಸಾರ್,” ಎಂದಳು. “ನನ್ನ ಕೈಲಿ ಆಗಲ್ಲ.”

ಪೊಟ್ಟಣವನ್ನು ಅವರ ಮುಂದೆ ಹಿಡಿದೇ ನಿಂತಳು. ಹಸಿರಣ್ಣ ಪೊಟ್ಟಣ ನೋಡಿದರು, ಬಚ್ಚಲು ನೋಡಿದರು, ಸಾಲಿನಲ್ಲಿದ್ದ ಹೆಂಗಸರನ್ನು ನೋಡಿದರು. ಫೋನುಗಳೆಲ್ಲ ಈಗ ಕೆಳಗಿಳಿದಿದ್ದವು. ಕೈ ಚಾಚುವ ಧೈರ್ಯ ಅವರಿಗೆ ಬರಲಿಲ್ಲ. ಇವತ್ತೊಂದು ದಿನ ಹೋಗಲಿ ಎಂದು ಗೊಣಗಿದರು. ಹುಡುಗಿ ಚೀಲ ಎದೆಗವಚಿಕೊಂಡು ಹೊರಟುಹೋದಳು. ಅವಳ ಬಸ್ಸು ಅಷ್ಟರಲ್ಲಿ ತಪ್ಪಿಯೇ ಇರಬೇಕು.

ಸಾಲು ಕರಗಿದ ಮೇಲೆ ಹಸಿರಣ್ಣ ದನಿ ತಗ್ಗಿಸಿ ಹೇಳಿದರು. “ಕರುಣೆ ಇರ್ಲಿ, ಬೇಡ ಅನ್ನಲ್ಲ. ಆದ್ರೆ ಈ ಸಲ ತೂಕ ಬರ್ಲಿಲ್ಲ ಅಂದ್ರೆ ಇಲ್ಲಿಗೆ ಬೇರೆಯವರನ್ನ ಹಾಕ್ಬೇಕಾಗುತ್ತೆ. ನಿನಗೆ ಗೋದಾಮು ಇದ್ದೇ ಇದೆಯಲ್ಲ, ಎರಡನೇ ಪಾಳಿ.”

ಅವತ್ತು ಮನೆಗೆ ಹೋದಾಗ ಮಗಳು ಬಾಗಿಲಲ್ಲೇ ಕಾದಿದ್ದಳು. ಯಾಕೆ ತಡವಾಯಿತು ಎಂದು ತಾಯಿಯನ್ನು ತಾನೇ ತಾಯಿಯಂತೆ ಗದರಿಸಿದಳು. ಊಟಕ್ಕೆ ಬಡಿಸುವಾಗ ಗೇಟಕ್ಕನ ಕಣ್ಣು ಮತ್ತೆ ಮತ್ತೆ ಬಾಗಿಲ ಹಿಂದಿನ ಮೊಳೆಯತ್ತ ಹೋಯಿತು. ಬೀಗದ ಕೈಯ ದಾರವನ್ನು ಅವಳು ಇನ್ನೂ ಬಿಚ್ಚಿರಲಿಲ್ಲ. ಬಿಚ್ಚಿ ಎಸೆಯಬೇಕಿತ್ತು ಎಂದುಕೊಂಡಳು.

ಮರುದಿನ ಹಿಂಗೇಟಿನವನು ರಜೆ ಹಾಕಿದ್ದರಿಂದ ಬೆಳಿಗ್ಗೆ ಸ್ವಲ್ಪ ಹೊತ್ತು ಅವಳನ್ನು ಅಲ್ಲಿಗೆ ಕಳಿಸಿದರು. ಸರಕಿನ ಲಾರಿಗಳು ಬರುವುದು ಆ ಕಡೆಯಿಂದ. ಸ್ಟೋರು ನೋಡಿಕೊಳ್ಳುವವನನ್ನು ಎಲ್ಲರೂ ಮಾವ ಎನ್ನುತ್ತಿದ್ದರು, ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. ಶೆಡ್ಡಿನ ಹಿಂದೆ ಮಣೆ ಹಾಕಿಕೊಂಡು ಕೂತು ಅವನು ಏನನ್ನೋ ಸುಲಿಯುತ್ತಿದ್ದ. ಹತ್ತಿರ ಹೋಗಿ ನೋಡಿದರೆ ಬಿದಿರಿನ ಚಮಚಗಳು. ವಾರ್ಷಿಕ ಸಭೆಯ ಊಟಕ್ಕೆ ಹಸಿರಣ್ಣ ತರಿಸಿದ್ದು, ಪರಿಸರಕ್ಕೆ ಹಿತವಾದದ್ದು. ಒಂದೊಂದು ಚಮಚಕ್ಕೂ ಒಂದೊಂದು ಪ್ಲಾಸ್ಟಿಕ್ ಅಂಗಿ. ಒಂದು ಹಿಡಿ ಚಮಚಕ್ಕೆ ಮತ್ತೊಂದು ಕವರು. ಇಡೀ ಡಬ್ಬಿಗೆ ದಪ್ಪನೆಯ ಹಾಳೆಯ ಸುತ್ತು. ಎಲ್ಲದರ ಮೇಲೂ ಹಸಿರು ಎಲೆಯ ಚಿತ್ರ.

“ಕೂಸಿಗೂ ಇಷ್ಟು ಬೆಚ್ಚಗೆ ಹೊದಿಸಲ್ಲ ನೋಡು,” ಎಂದ ಮಾವ. “ಮೇಲೆ ಯಾರ ಕಣ್ಣಿಗೂ ಕವರು ಬೀಳ್ಬಾರ್ದಂತೆ. ಇಲ್ಲೇ ಬಿಚ್ಚಿ ಬರೀ ಚಮಚ ಕಳಿಸ್ಬೇಕಂತೆ. ಈ ವಯಸ್ಸಲ್ಲಿ ಚಮಚದ ಬಟ್ಟೆ ಬಿಚ್ಚೋ ಕೆಲಸ ಬಂತು ನನಗೆ.”

ಅವನ ಸುತ್ತ ಕವರುಗಳು ಮೊಳಕಾಲುದ್ದ ಬಿದ್ದಿದ್ದವು. ಗೇಟಕ್ಕ ಬಗ್ಗಿ ಒಂದು ಹಿಡಿ ಎತ್ತಿ ಕೈಯಲ್ಲೇ ತೂಗಿ ನೋಡಿದಳು. ಈ ಕವರುಗಳು ಏನಾಗುತ್ತವೆ ಎಂದು ಕೇಳಿದಳು. ಗುಜರಿ ಲಾರಿಗೆ ಎಂದ ಮಾವ. ಅವಳ ಮೂಟೆ ಹತ್ತುತ್ತಿದ್ದುದೂ ಅದೇ ಲಾರಿಯನ್ನೇ.

“ಮಾವ, ಇದು ಹೊರಗಿಂದ ಒಳಗೆ ಬಂದದ್ದು ತಾನೆ?”

“ಮತ್ತೇನು, ಇಲ್ಲೇ ಮೊಳೀತಾ?”

“ಹಾಗಿದ್ರೆ ಇದು ನನ್ನ ಬಾಬ್ತು.”

ಮಾವ ಹಲ್ಲಿಲ್ಲದ ಬಾಯಿ ತೆರೆದು ಅಷ್ಟು ನಕ್ಕನೆಂದರೆ ಕೆಮ್ಮು ಬಂದು ಕಣ್ಣೀರಿಟ್ಟ. ನಂತರ ತಾನೇ ಗೋಣಿ ಹುಡುಕಿಕೊಟ್ಟ. ಸ್ಟೀಲ್ ಬಾಟಲಿಯ ಹಳೆಯ ಕವರುಗಳೂ ಶೆಡ್ಡಿನ ಮೂಲೆಯಲ್ಲಿ ಇನ್ನೂ ಬಿದ್ದಿವೆ, ಅವನ್ನೂ ಒಯ್ಯಿ ಎಂದ.

ತೂಕದ ದಿನ ಹಸಿರಣ್ಣ ಬಂದಾಗ ಕಾವಲು ಕೋಣೆಯ ಹಿಂದೆ ಮೂಟೆಗಳು ಗೋಡೆ ಕಟ್ಟಿ ನಿಂತಿದ್ದವು. ಕೊಕ್ಕೆ ತಕ್ಕಡಿ ಜಗ್ಗಿ ಮುಳ್ಳು ಕೊನೆಗೆ ಹೋಗಿ ನಿಂತಿತು. ಅವರ ಮುಖ ಹೂವಿನ ಹಾಗೆ ಅರಳಿತು. ಆಮೇಲೆ ಮೂಟೆಯ ಬಾಯಿಂದ ಇಣುಕುತ್ತಿದ್ದ ಒಂದು ಕವರು ಎಳೆದು ನೋಡಿದರು. ಹಸಿರು ಎಲೆ. ಅದರ ಕೆಳಗೆ ಅವರೇ ಆರಿಸಿ ಅಚ್ಚು ಹಾಕಿಸಿದ್ದ ಕಂಪನಿಯ ಗುರುತು.

ಗೇಟಕ್ಕ ಕೈ ಕಟ್ಟಿ ನಿಂತಿದ್ದಳು. ಬೈದರೆ ಬೈಸಿಕೊಳ್ಳುವುದು, ಗೋದಾಮಿಗೆ ಕಳಿಸಿದರೆ ಹೋಗುವುದು ಎಂದು ಬೆಳಿಗ್ಗೆಯೇ ಗಟ್ಟಿ ಮಾಡಿಕೊಂಡಿದ್ದಳು.

ಹಸಿರಣ್ಣ ಕವರನ್ನು ನಿಧಾನಕ್ಕೆ ಮೂಟೆಯೊಳಗೆ ತುರುಕಿದರು.

“ಎಲ್ಲಿಂದ ಸಿಕ್ತು ಅಂತ ನಾನು ಕೇಳಲ್ಲ,” ಎಂದರು.

“ನಾನೂ ಹೇಳಲ್ಲ ಸಾರ್.”

“ಮುಂದಿನ ತಿಂಗಳೂ ಹೀಗೇ ಇರುತ್ತಾ?”

“ನೀವು ತರಿಸ್ತಾ ಇದ್ರೆ ಇರುತ್ತೆ.”

ಅಲ್ಲಿಗೆ ಮಾತು ಮುಗಿಯಿತು. ಸ್ವಾಗತ ಕೋಣೆಯ ಮರ ಎಲೆ ಬಿಟ್ಟು, ಹೂ ಬಿಟ್ಟು, ಟೀವಿಯಿಂದ ಹೊರಗೆ ಚೆಲ್ಲುವಂತಾಗಿ, ಕೊನೆಗೆ ಅದನ್ನು ತೆಗೆದು ಒಂದು ಕಾಡನ್ನೇ ಹಾಕಿದರು. ವಾರ್ಷಿಕ ಸಭೆಯಲ್ಲಿ ಅತಿ ದೊಡ್ಡ ಸಾಹೇಬರು ಬಿದಿರಿನ ಚಮಚ ಹಿಡಿದುಕೊಂಡೇ ಮಾತಾಡಿದರು. ತಮ್ಮ ನೌಕರರು ಇಷ್ಟೊಂದು ಪ್ಲಾಸ್ಟಿಕ್ ತರುತ್ತಿದ್ದಾರೆಂದು ತಮಗೆ ಗೊತ್ತೇ ಇರಲಿಲ್ಲವೆಂದೂ, ಎಲ್ಲರಿಗೂ ತಿಳಿವಳಿಕೆಯ ತರಗತಿ ಕಡ್ಡಾಯವೆಂದೂ ನೊಂದು ಹೇಳಿದರು. ಸ್ಟೀಲ್ ಡಬ್ಬಿಯಲ್ಲಿ ಊಟ, ಬಟ್ಟೆ ಚೀಲದಲ್ಲಿ ಡಬ್ಬಿ ತರುತ್ತಿದ್ದ ಜನ ತಲೆ ತಗ್ಗಿಸಿ ಕೇಳಿಸಿಕೊಂಡರು. ಗೇಟಕ್ಕನಿಗೆ ಒಂದು ಗಾಜಿನ ಫಲಕ ಕೊಟ್ಟರು. ಒಡೆಯಬಾರದೆಂದು ಅದಕ್ಕೆ ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಸುತ್ತು ಸುತ್ತಿದ್ದರು.

ಗುಜರಿ ಲಾರಿ ಮೊದಲಿನಂತೆಯೇ ಬಂತು, ಮೊದಲಿನಂತೆಯೇ ತುಂಬಿಕೊಂಡು ಹೋಯಿತು. ಕೊಳ್ಳುವವರಿದ್ದದ್ದನ್ನು ಆರಿಸಿಕೊಂಡು, ಯಾರಿಗೂ ಬೇಡದ ತೆಳುವಾದ ಕವರುಗಳನ್ನು ಊರಾಚೆಯ ಕಸದ ರಾಶಿಗೆ ಸುರಿಯಿತು. ಗೇಟಕ್ಕನ ಬಸ್ಸು ದಿನವೂ ಆ ರಾಶಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಗಾಳಿ ಬೀಸಿದಾಗ ಹಸಿರು ಎಲೆಯ ಕವರು ಕಿಟಕಿಗೆ ಬಂದು ಬಡಿದರೆ ಅವಳು ಗುರುತು ಹಿಡಿಯುತ್ತಾಳೆ. ಹಿಂದೆ ಅವು ಹಾಗೇ ಇಲ್ಲಿಗೆ ಬರುತ್ತಿದ್ದವು. ಈಗ ಒಮ್ಮೆ ತಕ್ಕಡಿ ಹತ್ತಿ ಬರುತ್ತವೆ.

ಅಕೌಂಟ್ಸಿನ ಹುಡುಗಿಯ ತಂಪು ಚೀಲದ ಜಿಪ್ಪು ಆಮೇಲೆ ಯಾರೂ ಎಳೆಯಲಿಲ್ಲ. ಬಿದಿರಿನ ಚಮಚ ಇರುವವರೆಗೆ ಹಾಲಿನ ಪೊಟ್ಟಣದ ತೂಕ ಯಾರಿಗೆ ಬೇಕು. ಮಗುವಿಗೆ ಹಲ್ಲು ಬಂತಂತೆ, ಮೊದಲು ಕಚ್ಚಿದ್ದು ತನ್ನನ್ನೇ ಎಂದು ಒಂದು ಸಂಜೆ ಗೇಟಿನಲ್ಲಿ ನಿಂತು ಹೇಳಿ ನಕ್ಕಳು.

ಅದೇ ಸಂಜೆ ಗೇಟಕ್ಕ ಮನೆಗೆ ಬಂದು ಬಾಗಿಲು ತೆಗೆದದ್ದೇ ತಡ, ಮಗಳು ಒಳಗೆ ಓಡಿ ಶಾಲೆಯ ಚೀಲ ಬಿಚ್ಚಿದಳು. ಅಮ್ಮನ ಆಫೀಸಿನವರು ಶಾಲೆಗೆ ಬಂದು ಎಲ್ಲ ಮಕ್ಕಳಿಗೂ ಬಿಲ್ಲೆ ಹಂಚಿದ್ದರಂತೆ. ಪ್ಲಾಸ್ಟಿಕ್ ಬೇಡ ಎಂದು ಬರೆದ ದುಂಡನೆಯ ಬಿಲ್ಲೆ, ಪುಟ್ಟ ಕವರಿನೊಳಗೆ. ಮಗಳು ಹಲ್ಲಿನಿಂದ ಕವರು ಹರಿದು ಬಿಲ್ಲೆಯನ್ನು ಅಂಗಿಗೆ ಚುಚ್ಚಿಕೊಂಡು ಕನ್ನಡಿಯ ಮುಂದೆ ನಿಂತಳು.

“ಅಮ್ಮಾ, ನಿಮ್ಮ ಆಫೀಸಲ್ಲಿ ಪ್ಲಾಸ್ಟಿಕ್ಕೇ ಇಲ್ವಂತೆ, ಹೌದಾ?”

“ಕೈಕಾಲು ತೊಳ್ಕೊಂಡು ಬಾ, ಊಟ ಹಾಕ್ತೀನಿ,” ಎಂದಳು ಗೇಟಕ್ಕ.

ಮಗಳು ಬಚ್ಚಲಿಗೆ ಹೋದಳು. ಗೇಟಕ್ಕ ನೆಲದ ಮೇಲೆ ಬಿದ್ದಿದ್ದ ಕವರನ್ನು ಎತ್ತಿ, ಅಂಗೈಯಲ್ಲಿ ಸವರಿ ನೆಟ್ಟಗೆ ಮಾಡಿ, ಮಡಿಸಿ, ನಾಳೆಯ ಮೂಟೆಗೆ ಆಗುತ್ತದೆಂದು ತನ್ನ ಕೆಲಸದ ಚೀಲಕ್ಕೆ ಹಾಕಿಕೊಂಡಳು.